ಕೆಂಪು ಪುಡಿಯ ಮೇಲೆ ಕೂತ ಬೆಕ್ಕು

ಬಡಗಿಯಮ್ಮನ ಮುತ್ತಜ್ಜ ಹೊಳೆಗೆ ಮರದ ಸೇತುವೆ ಕಟ್ಟಿದವನು. ಕಟ್ಟಿದ ವರ್ಷವೇ ಹೊಳೆ ಉಕ್ಕಿತು. ದಡದಲ್ಲಿ ನಿಂತವರೆಲ್ಲ ಈಗ ಹೋಯಿತು, ಇನ್ನೇನು ಹೋಯಿತು ಎಂದು ಬಾಯಿ ಬಡಿದುಕೊಳ್ಳುತ್ತಿದ್ದರೆ, ಆತ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಸೇತುವೆಯ ನಡುವಿಗೆ ನಡೆದು ಹೋಗಿ ಕೂತನಂತೆ. ನೀರು ಇಳಿಯುವವರೆಗೂ ಏಳಲಿಲ್ಲ. ಸೇತುವೆಯೂ ಅಲುಗಲಿಲ್ಲ, ಆತನೂ ಅಲುಗಲಿಲ್ಲ.

ಅವನ ಮಗ, ಅಂದರೆ ಬಡಗಿಯಮ್ಮನ ಅಜ್ಜ, ಮರದ ವ್ಯಾಪಾರಿಗಳ ಪಾಲಿಗೆ ಯಮನಾಗಿದ್ದ. ಬಿಳಿ ಮರದ ದಿಮ್ಮಿಗೆ ಮೇಲಿನಿಂದ ಕೆಂಪು ಬಣ್ಣ ಕುಡಿಸಿ ಮಾರಲು ಬಂದ ಒಬ್ಬ ದೊಡ್ಡ ಕುಳದ ಎದುರಿಗೇ ದಿಮ್ಮಿಯ ಒಡಲಿಗೆ ಗರಗಸ ಇಟ್ಟ. ಉದುರಿದ ಪುಡಿಯನ್ನು ಅಂಗೈಗೆ ತೆಗೆದುಕೊಂಡು, ಅದರ ಮೇಲೆ ಹನಿ ನೀರು ಬಿಟ್ಟು, ನೆರೆದವರ ಮೂಗಿನ ಮುಂದೆ ಕೈ ಚಾಚಿದ. ನಿಜವಾದ ಕೆಂಪು ಮರದ ಪುಡಿ ನೀರು ಬಿದ್ದ ಕೂಡಲೇ ರಕ್ತ ಕಾರಿದ ಹಾಗೆ ಬಣ್ಣ ಬಿಡುತ್ತದೆ. ಇದು ಹಿಟ್ಟಿನ ಹಾಗೆ ಬೆಳ್ಳಗೇ ಉಳಿಯಿತು. ವ್ಯಾಪಾರಿ ತುಟಿ ಪಿಟಕ್ಕೆನ್ನದೆ ಗಾಡಿ ತಿರುಗಿಸಿದ. ದಿಮ್ಮಿಗೆ ಬಣ್ಣ ಬಳಿದು ನನ್ನ ಕಣ್ಣಿಗೆ ಮಣ್ಣೆರಚಬಹುದು, ಪುಡಿಗೆ ಯಾವನು ಬಣ್ಣ ಬಳಿಯುತ್ತಾನೆ ಎಂದು ಅಜ್ಜ ಆಮೇಲೆ ಸಾಯುವವರೆಗೂ ಕೇಳುತ್ತಿದ್ದನಂತೆ.

ಅಜ್ಜಿ ಗರಗಸದ ಹಲ್ಲು ಅರದಿಂದ ಉಜ್ಜಿ ಹರಿತ ಮಾಡುವುದರಲ್ಲಿ ಎತ್ತಿದ ಕೈ. ಒಳಗೆ ಅಡುಗೆ ಮಾಡುತ್ತಲೇ, ಹೊರಗೆ ಕೊಯ್ಯುವ ಸದ್ದು ಕೇಳಿ ಯಾವ ಹಲ್ಲು ಮೊಂಡಾಗಿದೆ ಎಂದು ಕೂಗಿ ಹೇಳುತ್ತಿದ್ದಳು. ಅಪ್ಪ ಬಾಗಿಲುಗಳ ಮನುಷ್ಯ. ಅವನು ಮಾಡಿದ ಬಾಗಿಲು ಮುಚ್ಚಿದರೆ ಬೀದಿಯ ಗದ್ದಲ ಅಲ್ಲೇ ನಿಂತುಬಿಡುತ್ತಿತ್ತು. ಪುಡಿಗೆ ನೀರು ಬಿಟ್ಟು ನೋಡುವ ಪದ್ಧತಿಯನ್ನು ಅವನು ಮಕ್ಕಳಿಬ್ಬರಿಗೂ ಅಕ್ಷರ ತಿದ್ದಿಸುವ ಮೊದಲೇ ಕಲಿಸಿದ್ದ. ಮಗನಿಗೆ ಕೈಗೆಲಸ ಒಗ್ಗಲಿಲ್ಲ, ಅವನು ಯಂತ್ರದ ಗರಗಸ ಇಟ್ಟುಕೊಂಡು ಊರಾಚೆ ಮರ ಕೊಯ್ಯುವ ಮಿಲ್ಲು ಹಾಕಿದ. ಮಗಳು ಅಪ್ಪನ ಉಳಿ, ಹಲಗೆ ಹೆರೆಯುವ ಕೀಸುಳಿ, ಕೆಲಸದ ಮೇಜು ಎಲ್ಲವನ್ನೂ ಹಿಡಿದುಕೊಂಡಳು. ಹೆಂಗಸು ಬಾಗಿಲು ಮಾಡುವುದುಂಟೇ ಎಂದು ಮೂಗು ಮುರಿದವರ ಮನೆಗೇ ಬಾಗಿಲು ಮಾಡಿಕೊಟ್ಟು ಬಡಗಿಯಮ್ಮ ಎನಿಸಿಕೊಂಡಳು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ, ಅಳತೆಗೆ ಸರಿಯಾದವನು ಸಿಗಲಿಲ್ಲ, ಸಿಕ್ಕವನನ್ನು ಕೆತ್ತಿ ಸರಿಮಾಡಲು ಪುರುಸೊತ್ತಿರಲಿಲ್ಲ ಎನ್ನುತ್ತಿದ್ದಳು.

ಆಕೆಯ ಕೆಲಸದ ಮನೆ ನನ್ನ ಬೀಗ ರಿಪೇರಿ ಅಂಗಡಿಯ ಎದುರಿಗೆ. ಉದ್ದನೆಯ ಒಂದು ಕೋಣೆ, ಬೀದಿಗೆ ದೊಡ್ಡ ಬಾಗಿಲು, ಹಿಂದೆ ಸಣ್ಣ ಅಂಗಳ. ಗೋಡೆಗೆ ಒರಗಿಸಿದ ಹಲಗೆಗಳು, ಚಾವಣಿಯಿಂದ ಇಳಿಬಿದ್ದ ಒಂದು ಬಲ್ಬು, ಅಂಟಿನ ಡಬ್ಬಿ, ಹಳೆಯ ಬಿಳಿ ಎನಾಮೆಲ್ ಬೇಸಿನ್ನು. ಮರಕ್ಕೆ ಪಾಲಿಶ್ ಹಚ್ಚುವವನೊಬ್ಬ ಆಕೆಯ ಜೊತೆ ಬಹಳ ಕಾಲದಿಂದ ಇದ್ದ. ಬಾಯಿ ಸುಮ್ಮನಿರದ ಆಸಾಮಿ. ಆಮೇಲೆ ಬೆಕ್ಕು.

ಆ ಬೆಕ್ಕು ಗಂಡು. ಹಲಗೆ ರಾಶಿಯ ಹಿಂದೆ ತಾಯಿ ಹಾಕಿದ ಮರಿಗಳಲ್ಲಿ ಉಳಿದದ್ದು ಅದೊಂದೇ. ಮೈ ಸಣ್ಣದು, ತಲೆ ಮಾತ್ರ ಉಳಿಯ ಹಿಡಿಗೆ ಬಡಿಯುವ ಮರದ ಸುತ್ತಿಗೆಯ ಹಾಗೆ ದಪ್ಪ. ಅದಕ್ಕೇ ಕೊಡತಿ ಎಂದು ಹೆಸರು ಬಿತ್ತು. ಸಣ್ಣದಿದ್ದಾಗ ಇಲಿ ಹಿಡಿದು ತಿಂದು ಹೊಟ್ಟೆ ಹೊರೆದುಕೊಳ್ಳುತ್ತಿತ್ತು. ನೆಲಕ್ಕೆ ಸಿಮೆಂಟು ಬಿದ್ದ ಮೇಲೆ ಇಲಿಗಳು ಜಾಗ ಖಾಲಿ ಮಾಡಿದವು. ಬಡಗಿಯಮ್ಮ ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಬೆಕ್ಕಿನ ಒಣ ತಿಂಡಿ ತಂದು ಹಾಕತೊಡಗಿದಳು. ಬೀಜ ತೆಗೆಸಿದ ಬೆಕ್ಕು, ಓಡಾಟ ಕಡಿಮೆ. ತಿಂದು ತಿಂದು ದಿಂಬಿನ ಹಾಗಾಯಿತು. ನೀರಿನ ಬಟ್ಟಲಿನ ಹತ್ತಿರ ಅದು ಹೋಗುವುದನ್ನು ಕಂಡವರು ಕಡಿಮೆ. ಅದರ ಬಗ್ಗೆ ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅದರ ಕಕ್ಕಸಿಗೆ ಬಡಗಿಯಮ್ಮ ಮುರಿದ ಬೀರುವಿನ ಒಂದು ಡ್ರಾಯರನ್ನು ಮೇಜಿನ ಕೆಳಗಿಟ್ಟು ಮರದ ಪುಡಿ ತುಂಬಿದ್ದಳು. ಮರಗೆಲಸದ ಮನೆಯಲ್ಲಿ ಪುಡಿಗೇನು ಬರ. ಹೊಲಸಾದದ್ದನ್ನು ಬಾಚಿ ಎಸೆದು ಹೊಸದು ಸುರಿದರೆ ಮುಗಿಯಿತು.

ಊರಿನ ಗುಡ್ಡದ ಮೇಲೆ ಕಟ್ಟುತ್ತಿದ್ದ ದೊಡ್ಡ ಮನೆಯೊಂದಕ್ಕೆ ಮೆಟ್ಟಿಲು ಮತ್ತು ಅದರ ಪಕ್ಕದ ಕೈಹಿಡಿಯ ಕಟಾಂಜನ ಮಾಡುವ ಕೆಲಸ ಬಂತು. ಪೂರ್ತಿ ಕೆಂಪು ಮರದಲ್ಲೇ ಆಗಬೇಕು ಎಂದು ಮನೆಯವರ ಹಠ. ಅಣ್ಣನ ಮಿಲ್ಲಿನಿಂದ ಕೊಯ್ದ ಹಲಗೆಗಳು ಬಂದು ಬಿದ್ದವು. ಅಂದಿನಿಂದ ಆ ಕೋಣೆಯಲ್ಲಿ ಕೆಂಪಲ್ಲದ್ದು ಏನೂ ಉಳಿಯಲಿಲ್ಲ. ಜೇಡರ ಬಲೆ ಕೆಂಪು, ಚಹಾದ ಲೋಟದ ಅಂಚು ಕೆಂಪು, ಪಾಲಿಶಿನವನ ಹುಬ್ಬು ಕೆಂಪು, ಬೆಕ್ಕಿನ ಮೀಸೆ ಕೆಂಪು. ಡ್ರಾಯರಿಗೂ ಕೆಂಪು ಪುಡಿಯೇ ಬಿತ್ತು.

ಬೆಕ್ಕು ಅದರಲ್ಲಿ ಕೂತು ಎದ್ದ ಜಾಗದಲ್ಲಿ ಪುಡಿ ಕಡುಗೆಂಪಾಗುತ್ತಿತ್ತು. ಮೊದಲ ಸಲ ನೋಡಿದಾಗ ಬಡಗಿಯಮ್ಮ ಮೆಚ್ಚಿ ತಲೆದೂಗಿದಳು. ಮರದ ನಡುವಿನ ಗಟ್ಟಿ ತಿರುಳು, ಚೇಗು ಎನ್ನುತ್ತೇವಲ್ಲ, ಅದರ ಪುಡಿ ಮಾತ್ರ ಇಷ್ಟು ಬಣ್ಣ ಬಿಡುತ್ತದೆ, ಅಣ್ಣ ಒಳ್ಳೆಯ ಮರವನ್ನೇ ಕಳಿಸಿದ್ದಾನೆ ಎಂದಳು. ಪಾಲಿಶಿನವನು ಬಿಡುತ್ತಾನೆಯೇ. "ಅಕ್ಕ, ನಿಮ್ಮಜ್ಜನ ಕೆಲಸ ಇವನು ಕಲಿತುಬಿಟ್ಟ. ಇನ್ಮೇಲೆ ಮರ ತರೋಕೆ ಹೋಗೋವಾಗ ಇವನನ್ನೇ ಕಂಕುಳಲ್ಲಿ ಇಟ್ಕೊಂಡು ಹೋಗಿ" ಎಂದ. ಇಬ್ಬರೂ ನಕ್ಕರು. ಎದುರು ಅಂಗಡಿಯಲ್ಲಿ ಕೂತ ನಾನೂ ನಕ್ಕೆ. ಆ ದಿನ ಅದು ಮರದ ಬಣ್ಣವೇ ಆಗಿತ್ತೋ ಏನೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಯಾವ ದಿನಕ್ಕೆ ನಗು ನಿಲ್ಲಬೇಕಾಗಿತ್ತು ಎಂಬುದೂ ಗೊತ್ತಿಲ್ಲ.

ಅಂಗೈಯಗಲ ಇರುತ್ತಿದ್ದ ಒದ್ದೆ, ಬರುಬರುತ್ತ ಅಂಗಿಯ ಗುಂಡಿಯಗಲಕ್ಕೆ ಇಳಿಯಿತು. ಒಂದು ಕಡೆ ಇರುತ್ತಿದ್ದದ್ದು ಡ್ರಾಯರಿನ ತುಂಬ ಅಲ್ಲಲ್ಲಿ ಚುಕ್ಕಿ ಚುಕ್ಕಿಯಾಯಿತು. ಬಡಗಿಯಮ್ಮ ಅದನ್ನೂ ಕಂಡಳು. ಈ ಮರದ ಪುಡಿ ಬಹಳ ನುಣ್ಣಗೆ, ನೀರನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ, ಮೇಲೆ ಕಾಣುವುದು ಕಡಿಮೆ ಎಂದು ತನಗೆ ತಾನೇ ಹೇಳಿಕೊಂಡಳು. ಮರದ ಮಾತಿನಲ್ಲಿ ಆಕೆ ಹೇಳಿದ್ದು ತಪ್ಪೇನಲ್ಲ. ಆದರೆ ಅಲ್ಲಿ ಮಾತಾಡುತ್ತಿದ್ದದ್ದು ಮರವಾಗಿರಲಿಲ್ಲ.

ಬೆಕ್ಕು ದಿನಕ್ಕೆ ಎಷ್ಟು ಸಲ ಡ್ರಾಯರಿಗೆ ಇಳಿಯುತ್ತಿತ್ತು ಎಂದರೆ, ಅದರ ಪುಡಿಯ ಹೆಜ್ಜೆ ಮೇಜಿನ ಕೆಳಗೆ ಒಂದು ದಾರಿಯನ್ನೇ ಮಾಡಿತ್ತು. ಇಳಿದರೆ ಬೇಗ ಏಳುತ್ತಿರಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಾಗಿಸಿ, ಬಾಲ ನೆಟ್ಟಗೆ ಮಾಡಿ, ಎದುರಿನ ಗೋಡೆಯನ್ನು ದುರುಗುಟ್ಟಿ ನೋಡುತ್ತ ಕೂರುತ್ತಿತ್ತು. ಎದ್ದ ಮೇಲೆ ಹಿಂದಿನ ಕಾಲು ಎತ್ತಿ ನೆಕ್ಕಿಕೊಳ್ಳತೊಡಗಿದರೆ ಕೂದಲು ಹೋಗುವವರೆಗೆ ನೆಕ್ಕಿಕೊಳ್ಳುತ್ತಿತ್ತು. ಮೈ ಚೊಕ್ಕಟ ಮಾಡಿಕೊಳ್ಳುತ್ತಿದೆ ಎಂದು ಎಲ್ಲರೂ ಅಂದುಕೊಂಡರು.

ಆಮೇಲೆ ಅದು ಡ್ರಾಯರು ಬಿಟ್ಟು ಬೇರೆ ಬೇರೆ ಕಡೆ ಕೂರತೊಡಗಿತು. ಸ್ಕ್ರೂ ಹಾಕಿಡುವ ಸ್ಟೀಲು ತಟ್ಟೆಯಲ್ಲಿ ಒಮ್ಮೆ. ಬಾಗಿಲ ಬಳಿಯ ತಣ್ಣನೆಯ ಕಲ್ಲಿನ ಮೇಲೆ ಒಮ್ಮೆ. ಕೊನೆಗೆ ಆಗಷ್ಟೇ ಪಾಲಿಶ್ ಹಚ್ಚಿ ಒಣಗಲು ಇಟ್ಟಿದ್ದ ಮೆಟ್ಟಿಲಿನ ಹಲಗೆಯ ಮೇಲೆ ಕೂತು ಎರಡು ಹನಿ ಬಿಟ್ಟಿತು. ಪಾಲಿಶಿನವನು ಕೈಯಲ್ಲಿದ್ದ ಬಟ್ಟೆ ಬಿಸಾಡಿದ. ಬೇಕೆಂದೇ ಮಾಡುತ್ತದೆ, ಹಗೆ ಸಾಧಿಸುತ್ತದೆ, ಇದರ ಕೊಬ್ಬು ಇಳಿಸಬೇಕು ಎಂದು ಹಾರಾಡಿದ. ಪಾಲಿಶಿನ ವಾಸನೆ ಅದಕ್ಕೆ ಸೇರುವುದಿಲ್ಲ, ಅದರ ಸಿಟ್ಟು ಅದು ತೋರಿಸುತ್ತದೆ, ನೀನು ನಿನ್ನ ಸಿಟ್ಟು ತೋರಿಸಬೇಡ ಎಂದು ಬಡಗಿಯಮ್ಮ ಬೆಕ್ಕಿನ ಪರ ವಹಿಸಿದಳು. ಬೆಕ್ಕಿಗೆ ಉರಿಯುತ್ತಿದೆ, ಉರಿಗೆ ತಣ್ಣಗಿರುವ ಜಾಗ ಹುಡುಕುತ್ತಿದೆ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ಬಡಗಿಯಮ್ಮ ಅಂಟು ಕಲಸಲು ಎನಾಮೆಲ್ ಬೇಸಿನ್ನು ತೆಗೆದುಕೊಂಡಳು. ಅದರ ಬಿಳಿ ತಳದಲ್ಲಿ ತೆಳು ಕೆಂಪಿನ ಕೆಲವು ಹನಿಗಳಿದ್ದವು. ಬೆಕ್ಕಿನ ಪಾದಕ್ಕೆ ಹತ್ತಿದ ಪುಡಿ ಕರಗಿರಬೇಕು ಎಂದು ತೊಳೆಯಲು ಹೊರಟವಳು ಅಂಗಳದ ನಲ್ಲಿಯ ಹತ್ತಿರ ನಿಂತುಬಿಟ್ಟಳು. ನಾನು ಅಂಗಡಿಯಿಂದ ನೋಡುತ್ತಿದ್ದೆ. ಹಿಂದಿನ ಬಾಗಿಲು ತೆರೆದಿದ್ದರೆ ಅಂಗಳ ನೇರವಾಗಿ ಕಾಣುತ್ತದೆ. ಆಕೆ ಹನಿಗೆ ಬೆರಳು ಅದ್ದಿ, ಹೆಬ್ಬೆರಳಿಗೆ ತಾಗಿಸಿ ತಿಕ್ಕಿದಳು. ಮರದ ಪುಡಿ ಎಷ್ಟು ನುಣ್ಣಗಿದ್ದರೂ ಬೆರಳಿಗೆ ತರಿ ಸಿಗುತ್ತದೆ. ಮತ್ತೆ ಅದ್ದಿದಳು, ಮತ್ತೆ ತಿಕ್ಕಿದಳು. ತರಿ ಇರಲಿಲ್ಲ.

ಆ ಹೊತ್ತಿಗೆ ಗುಡ್ಡದ ಮನೆಗೆ ಮೆಟ್ಟಿಲಿನ ಕಂಬಗಳನ್ನು ಒಯ್ಯಲು ಅಣ್ಣ ಗಾಡಿ ತಂದು ನಿಲ್ಲಿಸಿದ್ದ. ಬೇಸಿನ್ನು ನೋಡಿದ, ಬೆಕ್ಕನ್ನು ನೋಡಿದ. ಮಲ ಕಟ್ಟಿದೆ, ತಿಣುಕಿ ತಿಣುಕಿ ಎಲ್ಲೋ ಹರಿದುಕೊಂಡಿದೆ, ಒಂದು ಚಮಚ ಎಣ್ಣೆ ಕುಡಿಸಿದರೆ ಸರಿಹೋಗುತ್ತದೆ ಎಂದ. ಅಲ್ಲಿ ಗಾರೆಯವರು ಕಾಯುತ್ತಿದ್ದರು. ಬಡಗಿಯಮ್ಮ ಎಣ್ಣೆ ಕುಡಿಸಿ, ನಾಳೆ ಪ್ರಾಣಿ ಡಾಕ್ಟರಿಗೆ ತೋರಿಸಿದರಾಯಿತು ಎಂದು ಗಾಡಿ ಹತ್ತಿದಳು. ಹತ್ತಿದವಳು ಒಮ್ಮೆ ತಿರುಗಿ ನೋಡಿದಳು. ಬೆಕ್ಕು ಹೊಸ್ತಿಲಿಗೆ ಬಂದಿರಲಿಲ್ಲ. ಆಕೆ ಹೊರಗೆ ಹೊರಟಾಗ ಅದು ಹೊಸ್ತಿಲಿಗೆ ಬರದೇ ಇದ್ದದ್ದು ನಾನು ಕಂಡ ಹಾಗೆ ಅದೇ ಮೊದಲು.

ಮರುದಿನ ಬಾಗಿಲು ತೆರೆದಾಗ ಡ್ರಾಯರಿನ ಪುಡಿ ಒಣಗಿತ್ತು. ಚುಕ್ಕಿ ಕೂಡ ಇರಲಿಲ್ಲ. ಉಗುರಿನಿಂದ ಕೆರೆದ ಗೆರೆಗಳು ಮಾತ್ರ ಇದ್ದವು, ಒಂದರ ಮೇಲೊಂದು, ಹಲಗೆಯ ತಳ ಕಾಣುವವರೆಗೆ. ಕೊಡತಿ ಹಲಗೆ ರಾಶಿಯ ಹಿಂದೆ, ತಾನು ಹುಟ್ಟಿದ ಜಾಗದಲ್ಲಿ ಮುದುಡಿ ಬಿದ್ದಿತ್ತು. ಪಕ್ಕದಲ್ಲಿ ನೊರೆನೊರೆಯ ವಾಂತಿ. ಎತ್ತಿಕೊಂಡರೆ ಕೂಗಿತು. ಆ ಕೂಗು ಬೆಕ್ಕಿನದಲ್ಲ, ತುಕ್ಕು ಹಿಡಿದ ಕೀಲಿನದು. ಹೊಟ್ಟೆಗೆ ಕೈ ತಾಗಿದ್ದೇ ಬಡಗಿಯಮ್ಮ ಕೈ ಹಿಂದಕ್ಕೆಳೆದುಕೊಂಡಳು. ಒಳಗೆ ಯಾರೋ ಒಂದು ಮರದ ಉಂಡೆ ಇಟ್ಟು ಹೊಲಿದ ಹಾಗಿತ್ತು.

ಪ್ರಾಣಿ ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ. ಹೊಟ್ಟೆ ಮುಟ್ಟಿ ನೋಡಿದ್ದೇ ಅವರ ಮುಖ ಬದಲಾಯಿತು. ನಾನೂ ಪಾಲಿಶಿನವನೂ ಆಕೆಯ ಜೊತೆ ಹೋಗಿದ್ದೆವು. ಮೂತ್ರದ ಚೀಲ ತುಂಬಿ ಕಲ್ಲಿನಷ್ಟು ಗಟ್ಟಿಯಾಗಿದೆ, ಹೊರಗೆ ಬರುವ ನಾಳ ಕಟ್ಟಿಕೊಂಡಿದೆ ಎಂದರು. ಗಂಡು ಬೆಕ್ಕಿನ ನಾಳ ತುದಿಯಲ್ಲಿ ಬಹಳ ಕಿರಿದು. ಒಣ ತಿಂಡಿ ತಿಂದು ನೀರು ಕಡಿಮೆ ಕುಡಿದರೆ ಮೂತ್ರ ದಪ್ಪಗಾಗಿ ಒಳಗೆ ಮರಳಿನಂಥ ಹರಳು ಕಟ್ಟುತ್ತದೆ, ಅದು ಅಂಟಂಟಾಗಿ ಬಂದು ತುದಿಗೆ ಬಿರಡೆ ಹಾಕುತ್ತದೆ. ಹೊರಗೆ ಹೋಗಬೇಕಾದ ವಿಷ ರಕ್ತಕ್ಕೆ ಏರುತ್ತದೆ, ಮೊದಲು ಮೂತ್ರಪಿಂಡ, ಆಮೇಲೆ ಹೃದಯ. ಹೊಟ್ಟೆ ಒತ್ತಿ ತಿಕ್ಕಲಿಲ್ಲ ತಾನೇ ಎಂದು ಕೇಳಿದರು, ಒತ್ತಿದ್ದರೆ ಚೀಲ ಒಡೆಯುತ್ತಿತ್ತು. ಮಲ ಕಟ್ಟಿದೆ ಅಂದುಕೊಂಡು ಎಣ್ಣೆ ಕುಡಿಸುತ್ತ ಕೂತು ಬೆಕ್ಕು ಕಳೆದುಕೊಂಡವರು ಬಹಳ ಜನ ಎಂದೂ ಹೇಳಿದರು. ಬಡಗಿಯಮ್ಮ ಎಣ್ಣೆಯ ಮಾತು ಎತ್ತಲಿಲ್ಲ.

"ಇದು ಒಂದೇ ದಿನಕ್ಕೆ ಆಗೋದಲ್ಲ. ಮೊದಲೇ ರಕ್ತ ಬರುತ್ತೆ. ನೀವು ನೋಡಿರಲಿಲ್ವಾ?" ಎಂದರು ಡಾಕ್ಟರು.

"ನೋಡಿದ್ದೆ" ಎಂದಳು ಬಡಗಿಯಮ್ಮ. "ದಿನಾ ನೋಡಿದ್ದೆ. ಮರ ಅಂದ್ಕೊಂಡೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಹೊತ್ತೂ ಅದಾಗಿರಲಿಲ್ಲ. ಬೆಕ್ಕಿಗೆ ಮತ್ತಿನ ಮದ್ದು ಕೊಟ್ಟು, ಎಳೆಯಂಥ ಕೊಳವೆ ಹಾಕಿ, ನೀರು ಬಿಟ್ಟು ಬಿರಡೆ ಬಿಡಿಸಿದರು. ಕೊಳವೆಯ ತುದಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲಕ್ಕೆ ಹರಿದದ್ದು ಅಪ್ಪಟ ಕೆಂಪು. ತಳದಲ್ಲಿ ಬೂದಿಬಣ್ಣದ ಮರಳು. ಪಾಲಿಶಿನವನು ಹೊರಗೆ ಹೋಗಿ ಗೋಡೆ ಹಿಡಿದು ನಿಂತ. ಹಲಗೆ ಹಾಳಾಯಿತೆಂದು ಹಾರಾಡಿದವನು ಅವನೇ ಅಲ್ಲವೇ, ಆ ದಿನದಿಂದ ಅವನ ಬಾಯಿ ಅರ್ಧ ಕಟ್ಟಿತು.

ಬೆಕ್ಕನ್ನು ಅಲ್ಲೇ ಬಿಟ್ಟು ಬಂದ ಬಡಗಿಯಮ್ಮ ಡ್ರಾಯರನ್ನು ಅಂಗಳದ ಬಿಸಿಲಿಗೆ ಎಳೆದಳು. ಒಣಗಿ ಗಟ್ಟಿಯಾದ ಪುಡಿಯ ಹೆಂಟೆಗಳನ್ನು ಒಂದೊಂದಾಗಿ ಎತ್ತಿ, ಕಣ್ಣ ಹತ್ತಿರ ಹಿಡಿದು, ಮುರಿದು, ಮೂಸಿ ನೋಡಿದಳು. ಯಾವುದು ಮರದ ಕೆಂಪು, ಯಾವುದು ಬೆಕ್ಕಿನ ಕೆಂಪು ಎಂದು ಬೇರೆ ಮಾಡಲು ಹೊರಟಿದ್ದಳು. ಆಗಲಿಲ್ಲ. ಎಲ್ಲವೂ ಒಂದೇ ಆಗಿತ್ತು. ಎಂದಿನಿಂದ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಬಿಸಿಲು ಸರಿದು ನೆರಳು ಬಂದರೂ ಆಕೆ ಏಳಲಿಲ್ಲ.

ಕೊಡತಿ ಬದುಕಿ ಬಂತು. ಹಿಂದಿನ ಅರ್ಧ ತೂಕ, ಬೋಳಿಸಿದ ಮುಂಗಾಲು, ತಲೆ ಮಾತ್ರ ಹಾಗೇ ದಪ್ಪ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಇದು ಮತ್ತೆ ಬರುವುದುಂಟು, ಕಣ್ಣಿಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಕಣ್ಣಿಡುವುದು ಎಂದರೆ ಬಡಗಿಯಮ್ಮನದು ಬೇರೆಯೇ ಲೆಕ್ಕ. ಕೆಂಪು ಮರವನ್ನೆಲ್ಲ ಅಂಗಳಕ್ಕೆ ಹಾಕಿಸಿ, ಮೇಲೆ ತಗಡು ಹೊದಿಸಿ, ಅಲ್ಲೇ ಕೊಯ್ದು ಅಲ್ಲೇ ಉಜ್ಜತೊಡಗಿದಳು. ಒಳಗೆ ಬರುವ ಮೊದಲು ಬಟ್ಟೆ ಕೊಡವಿ, ಕೈಕಾಲು ತೊಳೆದು ಬರುವಳು. ಪಾಲಿಶಿನವನಿಗೂ ಅದೇ ಕಟ್ಟಳೆ. ಕೋಣೆಯ ಗೋಡೆ, ತೊಲೆ, ಮೇಜಿನ ಕಾಲು ಎಲ್ಲವನ್ನೂ ತೊಳೆದರು. ಅಣ್ಣನ ಮಿಲ್ಲಿನಲ್ಲಿ ಪೆಟ್ಟಿಗೆ ಮಾಡುವ ಬಿಳಿ ಮರ ಕೊಯ್ದ ದಿನ ಅಲ್ಲಿಂದ ಪುಡಿ ತಂದು, ಜರಡಿ ಹಿಡಿದು ಡ್ರಾಯರಿಗೆ ಹಾಕುವಳು. ಅದು ಹಾಲಿನಷ್ಟು ಬಿಳಿ, ಏನು ಬಿದ್ದರೂ ಕಾಣುತ್ತದೆ.

ಬೆಕ್ಕು ಎದ್ದು ಹೋದ ಮೇಲೆ ಆಕೆ ಮಂಡಿಯೂರಿ ಕೂತು ನೋಡುವಳು. ಒದ್ದೆ ಅಂಗೈಯಗಲ ಇದೆಯೇ, ಗುಂಡಿಯಗಲ ಇದೆಯೇ. ತಿಳಿಹಳದಿಯೇ, ಗಾಢವೇ, ಕಲಕಿದ ಹಾಗಿದೆಯೇ. ವಾಸನೆ ಮೂಗಿಗೆ ಹೊಡೆಯುವಷ್ಟು ಖಾರವೇ, ಅಥವಾ ಏನೂ ವಾಸನೆಯಿಲ್ಲದ ನೀರಿನ ಹಾಗೋ. ಕಡಿಮೆಯಾದರೆ ಒಂದು ಭಯ. ಹೆಚ್ಚಾಗಿ ನೀರಿನಂತೆ ಹೋದರೆ ಮೂತ್ರಪಿಂಡ ಸೋಲುತ್ತಿದೆಯೋ ಎಂದು ಇನ್ನೊಂದು ಭಯ. ಅಂಗಡಿಯ ಒಣ ತಿಂಡಿಯ ಬದಲು ಮೀನು ಬೇಯಿಸಿ, ನೀರು ಬೆರೆಸಿ, ಗಂಜಿಯ ಹಾಗೆ ಮಾಡಿ ಇಟ್ಟಳು. ಬೆಕ್ಕು ಮೂಸಿ ಮುಖ ತಿರುಗಿಸಿತು. ಬೆರಳಲ್ಲಿ ತೆಗೆದು ಅದರ ಮೂಗಿಗೆ ಹಚ್ಚಿದಳು, ನೆಕ್ಕಿಕೊಳ್ಳಲೇಬೇಕಲ್ಲ. ಮೇಜಿನ ಮೇಲೊಂದು, ಕಿಟಕಿಯಲ್ಲೊಂದು, ಹಲಗೆ ರಾಶಿಯ ಪಕ್ಕದಲ್ಲೊಂದು ಎಂದು ನೀರಿನ ಬಟ್ಟಲುಗಳನ್ನು ಇಟ್ಟು, ಯಾವುದರಲ್ಲಿ ಕುಡಿಯಿತು ಎಂದು ನೋಡುತ್ತಿದ್ದಳು. ಬೀದಿಯವರು ಮುಸಿಮುಸಿ ನಕ್ಕರು. ಬಾಗಿಲಿನ ಅಳತೆ ಕೊಡಲು ಹೋದರೆ ಬೆಕ್ಕಿನ ಉಚ್ಚೆಯ ಅಳತೆ ಹೇಳುತ್ತಾಳೆ ಎಂದು ಆಡಿಕೊಂಡರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ನಡುವೆ ಕೊಂಚ ಕಾಲ ಎಲ್ಲ ಸರಿಹೋದ ಹಾಗೆ ಕಂಡಿತು. ಬೆಕ್ಕು ಮೈ ತುಂಬಿಕೊಂಡಿತು, ನನ್ನ ಅಂಗಡಿಯವರೆಗೂ ಬಂದು ಕೀಲಿಕೈಗಳ ಗೊಂಚಲನ್ನು ಎಳೆದಾಡಿತು. ಆದರೆ ಬಡಗಿಯಮ್ಮ ನಗುತ್ತಿರಲಿಲ್ಲ. ಕೀಸುಳಿ ಹೊಡೆಯುತ್ತಿದ್ದವಳು ತಟಕ್ಕನೆ ನಿಲ್ಲಿಸಿ ಕಿವಿಗೊಡುವಳು. ಡ್ರಾಯರಿನಲ್ಲಿ ಕೆರೆದ ಸದ್ದು ಬಂತೇ, ಬಂದದ್ದು ನಿಂತಿತೇ, ನಿಂತದ್ದು ಮತ್ತೆ ಶುರುವಾಯಿತೇ. ಹಲ್ಲು ಮೊಂಡಾದ ಗರಗಸದ ಸದ್ದು ಹಿಡಿಯುತ್ತಿದ್ದ ಅಜ್ಜಿಯ ಕಿವಿ ಆಕೆಗೆ ಬಂದಿತ್ತು. ಅದು ಈ ಕೆಲಸಕ್ಕೆ ಬಂತಲ್ಲ.

ಬಿಳಿ ಪುಡಿಯ ಮೇಲೆ ಮತ್ತೆ ಕೆಂಪು ಕಂಡಿತು. ಸಾಸಿವೆ ಕಾಳಿನಷ್ಟು. ಈ ಸಲ ಆಕೆ ಯಾರ ಮಾತಿಗೂ ಕಾಯಲಿಲ್ಲ, ಕೈಯಲ್ಲಿದ್ದ ಉಳಿ ಬಿಸಾಡಿ ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿದಳು. ನಾಳ ಪೂರ್ತಿ ಕಟ್ಟುವ ಮೊದಲೇ ತಂದಿದ್ದೀರಿ ಎಂದು ಡಾಕ್ಟರು ಮತ್ತೆ ಕೊಳವೆ ಹಾಕಿ ಬಿಡಿಸಿದರು. ಆದರೆ ಅವರ ಮಾತು ಹಿಂದಿನಷ್ಟು ಮೆತ್ತಗಿರಲಿಲ್ಲ. ಎರಡು ಸಲ ಕೊಳವೆ ಹೋಗಿ ನಾಳ ಒಳಗೆ ಊದಿ ಇನ್ನೂ ಕಿರಿದಾಗಿದೆ. ತುದಿಯನ್ನು ಕೊಯ್ದು ಅಗಲ ಮಾಡುವ ಆಪರೇಷನ್ ಉಂಟು, ಆದರೆ ಮೂತ್ರಪಿಂಡ ಚೇತರಿಸಿಕೊಳ್ಳದೆ ಈಗಲೇ ಮತ್ತಿನ ಮದ್ದು ಕೊಟ್ಟು ಕೊಯ್ದರೆ ಬೆಕ್ಕು ಮೇಜಿನ ಮೇಲೇ ಹೋಗಬಹುದು. ಚೇತರಿಸಿಕೊಳ್ಳುವವರೆಗೆ ಕಾಯಬೇಕು. ಅಷ್ಟರಲ್ಲಿ ಮತ್ತೆ ಕಟ್ಟಿದರೆ, ಕಟ್ಟಿದ ಗಳಿಗೆಯಲ್ಲೇ ಗೊತ್ತಾಗಬೇಕು. ಬೆಳಿಗ್ಗೆ ಕಟ್ಟಿದ್ದನ್ನು ಸಂಜೆ ಬಂದು ನೋಡುತ್ತೇನೆ ಎಂದರೆ ಆಗುವುದಿಲ್ಲ. ಹಗಲೂ ರಾತ್ರಿಯೂ ಯಾರಾದರೂ ಅದರ ಪಕ್ಕದಲ್ಲಿ ಇರಬೇಕು. ರಾತ್ರಿಗೆ ಬಡಗಿಯಮ್ಮ ಕೆಲಸದ ಮನೆಯಲ್ಲೇ ಚಾಪೆ ಹಾಸಿಕೊಂಡಳು.

ಸರಿಯಾಗಿ ಅದೇ ಹೊತ್ತಿಗೆ ಗುಡ್ಡದ ಮನೆಯಿಂದ ಕರೆ ಬಂತು. ಮೆಟ್ಟಿಲು ಕೂರಿಸುವ ಕೆಲಸ. ಅದನ್ನು ಇಲ್ಲಿ ಕೂತು ಮಾಡಲಾಗುವುದಿಲ್ಲ, ಅಲ್ಲೇ ಹೋಗಿ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತು ಮಾಡಬೇಕು. ಧೂಳು, ಗಾರೆ, ಜನ; ಬೆಕ್ಕನ್ನು ಅಲ್ಲಿಗೆ ಒಯ್ಯುವ ಮಾತೇ ಇಲ್ಲ.

ಅಣ್ಣ ಬಂದ. ಕೈಯಲ್ಲಿ ಮುಚ್ಚಳವಿರುವ ಹೊಸ ಬೆತ್ತದ ಬುಟ್ಟಿ, ಒಳಗೆ ಮೆತ್ತಗೆ ಹಳೆಯ ಕಂಬಳಿ. ಅವನು ಒಳ್ಳೆಯವನು. ಎಣ್ಣೆ ಕುಡಿಸು ಎಂದದ್ದು ಅವನ ಗಂಟಲಲ್ಲಿ ಇನ್ನೂ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಪಾಲಿಶಿನವನೂ ಅಲ್ಲೇ ನಿಂತಿದ್ದ. ಬಾಗಿಲಿನ ಕೀಲು ಕಿರುಗುಟ್ಟುತ್ತದೆ ಎಂದು ಬಡಗಿಯಮ್ಮ ಹೇಳಿದ್ದಳು, ಅದಕ್ಕೆ ಎಣ್ಣೆ ಬಿಡಲು ನಾನೂ ಹೋಗಿದ್ದೆ.

ಅಣ್ಣ ವಿಷಯಕ್ಕೆ ನೇರವಾಗಿ ಬಂದ. "ನೋಡು, ನಿಮ್ಮತ್ತಿಗೆ ಹೊತ್ತಾರೆಯಿಂದ ಮನೇಲೇ ಇರ್ತಾಳೆ. ಬಿಳಿ ಪುಡಿ ನಮ್ಮ ಮಿಲ್ಲಿಂದೇ. ಡಾಕ್ಟರ ಮನೆ ನಮಗೆ ಇಲ್ಲಿಗಿಂತ ಹತ್ತಿರ. ಮೆಟ್ಟಿಲು ಮುಗಿಯೋವರೆಗೆ ಇವನು ಅಲ್ಲಿರಲಿ ಕಣೇ."

ಬಡಗಿಯಮ್ಮ ಕೀಸುಳಿಯ ಬಾಯಿಗೆ ಸಿಕ್ಕಿಕೊಂಡ ಸುರುಳಿಯನ್ನು ಉಗುರಿನಿಂದ ಬಿಡಿಸುತ್ತಿದ್ದಳು. ಪಾಲಿಶಿನವನು, ಅಲ್ಲಿಗೆ ಕಳಿಸಲು ಮನಸ್ಸಿಲ್ಲದಿದ್ದರೆ ತಾನೇ ಇಲ್ಲಿ ಕೂತು ಕಾಯುತ್ತೇನೆ, ಮೆಟ್ಟಿಲಿಗೆ ಪಾಲಿಶ್ ಆಮೇಲೆ ಹಚ್ಚಿದರೂ ನಡೆಯುತ್ತದೆ ಎಂದ.

"ನೀನು ಕೂತು ಕಾಯೋದಾ? ಅರ್ಧ ಗಂಟೆ ಸುಮ್ಮನೆ ಕೂತ್ರೆ ನಿಂಗೆ ನಿದ್ದೆ ಬರುತ್ತೆ. ಆಮೇಲೆ ಬೆಕ್ಕು ನಿನ್ನನ್ನ ಕಾಯಬೇಕು" ಎಂದಳು. ಅವನು ನಗಲು ನೋಡಿದ.

ಆಗ ಕೊಡತಿ ಕಿಟಕಿಯಿಂದ ಇಳಿಯಿತು. ಯಾರ ಮುಖವನ್ನೂ ನೋಡದೆ ನಮ್ಮ ಕಾಲುಗಳ ನಡುವೆ ನಡೆದು ಮೇಜಿನ ಕೆಳಗಿನ ಡ್ರಾಯರಿಗೆ ಹೋಯಿತು. ಅದು ಕೆರೆಯಿತು, ತಿರುಗಿತು, ಮತ್ತೆ ಕೆರೆಯಿತು. ಬೆನ್ನು ಬಾಗಿಸಿ ಕೂತಿತು. ಅಣ್ಣ ಬುಟ್ಟಿಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದ. ನನ್ನ ಕೈಯ ಎಣ್ಣೆ ಡಬ್ಬಿಯಿಂದ ನೆಲಕ್ಕೆ ಹನಿ ಬೀಳುತ್ತಿತ್ತು, ಆ ಸದ್ದು ನನಗೆ ಕೇಳಿಸಿತು. ಬೆಕ್ಕು ಬಹಳ ಹೊತ್ತು ಕೂತಿತ್ತು. ಬಹಳ ಹೊತ್ತು ಎಂದು ನಮಗೆ ಅನ್ನಿಸಿತೋ, ನಿಜವಾಗಿಯೂ ಬಹಳ ಹೊತ್ತೋ ಹೇಳಲಾರೆ. ಕೊನೆಗೆ ಎದ್ದು, ಪುಡಿ ಮುಚ್ಚದೆ, ಡ್ರಾಯರಿನಿಂದ ಇಳಿದು ತಣ್ಣನೆಯ ಕಲ್ಲಿನ ಕಡೆಗೆ ಹೋಯಿತು.

ಬಡಗಿಯಮ್ಮ ಮಂಡಿಯೂರಿ ಮೇಜಿನ ಕೆಳಗೆ ತಲೆ ಹಾಕಿದಳು. ಆಕೆಯ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಪುಡಿಯನ್ನು ಬೆರಳಿನಿಂದ ಒತ್ತಿ ನೋಡಿದಳು, ಮೂಸಿದಳು. ಅಣ್ಣ ಏನಿದೆ ಎಂದು ಕೇಳಿದ. ಪಾಲಿಶಿನವನು ಬಗ್ಗಿ ನೋಡಲು ಹೋದ, ಕೈ ಅಡ್ಡ ಇಟ್ಟು ತಡೆದಳು. ಎದ್ದು ನಿಂತಾಗ ಆಕೆಯ ಮುಖದಲ್ಲಿ ಓದಿಕೊಳ್ಳಲು ಏನೂ ಇರಲಿಲ್ಲ. ಕೈಯನ್ನು ಬಟ್ಟೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಕಲ್ಲಿನ ಮೇಲಿದ್ದ ಬೆಕ್ಕಿನ ಹತ್ತಿರ ಹೋಗಿ ನೆಲದ ಮೇಲೆ ಕೂತು, ಬೆನ್ನು ಗೋಡೆಗೆ ಕೊಟ್ಟು ಕಾಲು ಚಾಚಿದಳು. ಅಲ್ಲಿಂದ ಏಳುವ ಲಕ್ಷಣ ಕಾಣಲಿಲ್ಲ.

"ಹಾಗಾದ್ರೆ ಇವನನ್ನ ಬುಟ್ಟಿಗೆ ಹಾಕ್ಲಾ?" ಎಂದು ಅಣ್ಣ ಮೆಲ್ಲಗೆ ಕೇಳಿದ.

"ಬೇಡ ಅಣ್ಣ. ಅತ್ತಿಗೆ ಚೆನ್ನಾಗೇ ನೋಡ್ಕೋತಾಳೆ, ನಂಗೆ ಗೊತ್ತು. ಆದ್ರೂ ಬೇಡ. ಗುಂಡಿಯಷ್ಟು ಒದ್ದೆ ಇದೆ, ಇನ್ನೂ ಪೂರ್ತಿ ಕಟ್ಟಿಲ್ಲ, ಕಟ್ಟಿದ ಗಳಿಗೇಲೇ ಎತ್ಕೊಂಡು ಓಡ್ತೀನಿ. ಮೆಟ್ಟಿಲು ನೀವಿಬ್ಬರೇ ಹೋಗಿ ಕೂರಿಸಿ, ಹಲಗೆ ಎಲ್ಲ ಅಳತೆಗೆ ಕೊಯ್ದು ಇಟ್ಟಿದ್ದೀನಿ. ಸೊಟ್ಟ ಆದ್ರೆ ಆಗಲಿ, ಬೈಸ್ಕೋತೀನಿ. ಇವನ ಹತ್ತಿರ ನಾನೇ ಕೂರ್ತೀನಿ. ನಂಗೆ ಊಟ ತರೋಕೆ ಬರಬೇಡಿ, ಮಧ್ಯೆ ಮಧ್ಯೆ ಬಂದು ಹೇಗಿದ್ದಾನೆ ಅಂತ ಕೇಳಬೇಡಿ. ಆ ಬುಟ್ಟಿ ತಗೊಂಡು ಹೋಗು. ಹೋಗೋವಾಗ ಬಾಗಿಲು ಪೂರ್ತಿ ಎಳ್ಕೊಂಡು ಹೋಗು ಅಣ್ಣ. ಇವನು ಹೊರಗೆ ಹೋದ್ರೆ ಎಲ್ಲಿ ಕೂತ ಅಂತ ನಂಗೆ ಗೊತ್ತಾಗಲ್ಲ."